ಟಿಕೆಟ್ ದುಡ್ಡಿನಲ್ಲಿ ಹಡಗು ನಡೆಯುವುದಿಲ್ಲ

ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಬಾಡಿಗೆ ಕೇಳಿದರೆ ಹೆಚ್ಚಿನವರು ಕೋಣೆಗೆ ಇಷ್ಟು ಅನ್ನುವುದಿಲ್ಲ, ತಲೆಗೆ ಇಷ್ಟು ಅನ್ನುತ್ತಾರೆ. ಮಧ್ಯಾಹ್ನ ಬಂದಾಗಿನಿಂದ ಮರುದಿನ ಹೊರಡುವ ತನಕದ ಊಟ, ತಿಂಡಿ, ಕಾಫಿ ಎಲ್ಲ ಅದರೊಳಗೇ ಸೇರಿರುತ್ತದೆ. ಪ್ರವಾಸಿ ಹಡಗಿನ ದರವೂ ಹೀಗೇ ತಲೆ ಲೆಕ್ಕದ್ದು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಟ್ರಾವೆಲ್ ಏಜೆಂಟರ ಹತ್ತಿರ ಸಿಂಗಾಪುರದ ಮೂರು ರಾತ್ರಿಯ ಕ್ರೂಸ್ ದರ ವಿಚಾರಿಸಿದವರು ಮೊದಲು ಅದನ್ನು ಬೆಟ್ಟದ ಮೇಲಿನ ಯಾವುದಾದರೂ ಒಳ್ಳೆಯ ರೆಸಾರ್ಟಿನ ದರದ ಪಕ್ಕ ಇಟ್ಟು ನೋಡುತ್ತಾರೆ. ಎಷ್ಟೋ ಸಲ ಎರಡೂ ಹತ್ತಿರ ಹತ್ತಿರವೇ ಇರುತ್ತವೆ. ಎಂಜಿನ್ನು, ಎಣ್ಣೆ, ಸಾವಿರಾರು ಸಿಬ್ಬಂದಿ, ಈಜುಕೊಳ, ನಾಟಕಶಾಲೆ ಎಲ್ಲ ಇಟ್ಟುಕೊಂಡ ಹಡಗಿಗೆ ಈ ದರ ಹೇಗೆ ಗಿಟ್ಟುತ್ತದೆ ಎಂಬ ಪ್ರಶ್ನೆ ಸಹಜ. ಟಿಕೆಟ್ ಒಂದರಲ್ಲೇ ಆದರೆ ಗಿಟ್ಟುವುದಿಲ್ಲ. ಹೇಗೆಂದು ತಿಳಿಯಲು ಅವರ ಜಮಾಖರ್ಚನ್ನೇ ಬಿಡಿಸಿ ನೋಡಬೇಕು.

ಈ ಉದ್ಯಮದಲ್ಲಿ ಎಲ್ಲರಿಗಿಂತ ದೊಡ್ಡದು ಕಾರ್ನಿವಲ್ ಕಾರ್ಪೊರೇಷನ್. ಪ್ರಿನ್ಸೆಸ್, ಕೋಸ್ಟಾ, ಹಾಲೆಂಡ್ ಅಮೆರಿಕ, ಕ್ಯುನಾರ್ಡ್ ಎಲ್ಲ ಅದರದ್ದೇ ಹೆಸರುಗಳು. 2024ರಲ್ಲಿ ಅದರ ಒಟ್ಟು ವರಮಾನ ಸುಮಾರು 25 ಬಿಲಿಯನ್ ಡಾಲರ್. ಓದಲು ಸುಲಭವಾಗಲಿ ಎಂದು ಅದನ್ನು ನೂರು ರೂಪಾಯಿ ಎಂದು ಇಟ್ಟುಕೊಳ್ಳೋಣ. ಟಿಕೆಟ್ ಮಾರಿ ಬಂದದ್ದು 66 ರೂಪಾಯಿ. ಹಡಗು ಹತ್ತಿದ ಮೇಲೆ ಜನ ಖರ್ಚು ಮಾಡಿದ್ದು 34.

ಈಗ ಖರ್ಚಿನ ಕಡೆ. ಏಜೆಂಟರ ಕಮಿಷನ್ನು, ಪ್ರಯಾಣಿಕರ ವಿಮಾನ ಟಿಕೆಟ್ ಇತ್ಯಾದಿ ಸೇರಿ 13 ಹೋಗುತ್ತದೆ. ಹಡಗಿನ ಸಿಬ್ಬಂದಿ ಸಂಬಳಕ್ಕೆ 10, ಎಣ್ಣೆಗೆ 8, ಊಟಕ್ಕೆ 6. ಬಂದರು ವೆಚ್ಚ, ದುರಸ್ತಿ, ವಿಮೆ ಮುಂತಾದ ಉಳಿದ ನಡೆಸುವ ಖರ್ಚು 15. ಜಾಹೀರಾತು ಮತ್ತು ದಡದ ಮೇಲಿನ ಕಚೇರಿಗಳಿಗೆ 13. ಹಡಗಿನ ಸವಕಳಿ 10. ಸಾಲದ ಬಡ್ಡಿ 7. ಇಷ್ಟನ್ನೂ ಟಿಕೆಟ್ಟಿನ 66ರಿಂದಲೇ ಕಳೆಯುತ್ತ ಹೋದರೆ ಕೊನೆಗೆ 16 ರೂಪಾಯಿ ಕೈಯಿಂದ ಹೋಗುತ್ತದೆ. ಹತ್ತಿದ ಮೇಲೆ ಬಂದ 34ಕ್ಕೆ ನೇರ ಖರ್ಚು 11 ಮಾತ್ರ, ಉಳಿಯುವುದು 23. ಆ 23 ಈ 16ರ ಹಳ್ಳ ತುಂಬಿ, ಏಳು ರೂಪಾಯಿ ಚಿಲ್ಲರೆ ಲಾಭವಾಗಿ ನಿಲ್ಲುತ್ತದೆ. ಸಂಬಳ, ಎಣ್ಣೆ, ಬಡ್ಡಿಯನ್ನೆಲ್ಲ ಟಿಕೆಟ್ ಕಡೆಗೇ ಹಾಕಿದ್ದು ನನ್ನ ವಿಂಗಡಣೆ. ಕಂಪನಿ ಹಾಗೆ ಬರೆದಿಟ್ಟಿಲ್ಲ. ಆದರೂ ಈ ವ್ಯಾಪಾರದ ಜೀವ ಎಲ್ಲಿದೆ ಎಂಬುದು ಇದರಿಂದ ಕಾಣುತ್ತದೆ.

ಇನ್ನೊಂದು ಬಗೆಯಲ್ಲೂ ನೋಡಬಹುದು. ಅದೇ ವರ್ಷ ಒಬ್ಬ ಪ್ರಯಾಣಿಕನಿಂದ ದಿನಕ್ಕೆ ಬಂದದ್ದು ಸುಮಾರು 250 ಡಾಲರ್. ಅವನ ಮೂರು ಹೊತ್ತಿನ ಊಟ, ನಡುವಿನ ತಿಂಡಿ, ನಡುರಾತ್ರಿಯ ಪಿಜ್ಜಾ ಎಲ್ಲ ಸೇರಿ ದಿನಸಿ ಖರ್ಚು 14-15 ಡಾಲರ್. ‘ಎಷ್ಟು ಬೇಕಾದರೂ ತಿನ್ನಿ’ ಎಂಬ ಮಾತನ್ನು ಕೇಳಿ ಊಟದಲ್ಲೇ ಕಂಪನಿ ಮುಳುಗುತ್ತದೆ ಎಂದುಕೊಳ್ಳುವವರಿದ್ದಾರೆ. ಊಟ ಅಲ್ಲಿ ದೊಡ್ಡ ಖರ್ಚೇ ಅಲ್ಲ.

ದೊಡ್ಡ ಖರ್ಚುಗಳು ಬೇರೆ, ಮತ್ತು ಅವು ಹಡಗು ತುಂಬಿದರೂ ತುಂಬದಿದ್ದರೂ ಒಂದೇ. ಸಾವಿರ ಜನ ಕಡಿಮೆ ಹತ್ತಿದರೆಂದು ಬಡ್ಡಿ ಇಳಿಯುವುದಿಲ್ಲ, ಎಣ್ಣೆ ಇಳಿಯುವುದಿಲ್ಲ, ಅಡುಗೆಯವರನ್ನು ನಡುಸಮುದ್ರದಲ್ಲಿ ಇಳಿಸಿ ಬರಲೂ ಆಗುವುದಿಲ್ಲ. ಆದ್ದರಿಂದ ಈ ಉದ್ಯಮದ ಮೊದಲ ನಿಯಮ ಒಂದೇ: ಹಡಗು ಭರ್ತಿಯಾಗಿಯೇ ಹೊರಡಬೇಕು, ದರ ಎಷ್ಟಕ್ಕಾದರೂ ಇಳಿಯಲಿ. ಇಲ್ಲಿ ಭರ್ತಿಯ ಲೆಕ್ಕವೂ ಬೇರೆ. ಕ್ಯಾಬಿನ್‌ಗೆ ಇಬ್ಬರಂತೆ ಹಿಡಿದರೆ ಅದು ನೂರಕ್ಕೆ ನೂರು. ಗೋಡೆಯಿಂದ ಇಳಿಯುವ ಮೂರನೆಯ, ನಾಲ್ಕನೆಯ ಹಾಸಿಗೆಯಲ್ಲಿ ಮಕ್ಕಳು ಮಲಗಿದರೆ ಅದು ನೂರು ದಾಟುತ್ತದೆ. ದೊಡ್ಡ ಕಂಪನಿಗಳು ಒಳ್ಳೆಯ ವರ್ಷದಲ್ಲಿ 105ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತವೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದ ಸೀಸ್ ಹಡಗಿಗೆ ಇಬ್ಬರ ಲೆಕ್ಕದಲ್ಲಿ 5,610 ಪ್ರಯಾಣಿಕರು. ಎಲ್ಲ ಹಾಸಿಗೆ ತುಂಬಿದರೆ 7,600. ನಡುವಿನ ಎರಡು ಸಾವಿರ ಜನಕ್ಕೆ ಹೊಸ ಕ್ಯಾಬಿನ್ ಬೇಡ, ಹೊಸ ಎಂಜಿನ್ ಬೇಡ. ಅವರು ಕೊಡುವುದರಲ್ಲಿ ಬಹುಪಾಲು ಲಾಭವೇ.

ಟಿಕೆಟ್ ತೆಗೆಯುವವರಿಗೆ ಇದರಿಂದ ಎರಡು ಮಾತು ಅನ್ವಯಿಸುತ್ತವೆ. ಒಬ್ಬರೇ ಹೋಗುವುದಾದರೆ ಹಲವು ಹಡಗುಗಳಲ್ಲಿ ಇಬ್ಬರ ದರವನ್ನೇ ಕಟ್ಟಬೇಕಾಗುತ್ತದೆ, ಯಾಕೆಂದರೆ ನೀವು ಹಿಡಿದಿರುವುದು ಇಬ್ಬರ ಜಾಗ. ಎರಡನೆಯದು, ನಾಲ್ಕು ಜನರ ಕ್ಯಾಬಿನ್ ಖಾಲಿ ಕಂಡರೂ ನಾಲ್ವರಿಗೆ ಬುಕಿಂಗ್ ಸಿಗದೆ ಇರಬಹುದು. ಪ್ರತಿ ಕ್ಯಾಬಿನ್ ಒಂದೊಂದು ಜೀವರಕ್ಷಕ ದೋಣಿಗೆ ಗಂಟುಬಿದ್ದಿರುತ್ತದೆ. ಆ ದೋಣಿಯ ಲೆಕ್ಕ ತುಂಬಿದ ಮೇಲೆ ಹಾಸಿಗೆ ಖಾಲಿಯಿದ್ದರೂ ಮಾರುವಂತಿಲ್ಲ. ರಜೆ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಕೊನೆ ಗಳಿಗೆಯ ಅಗ್ಗದ ದರಕ್ಕೆ ಕಾಯಬಾರದು ಎನ್ನುವುದು ಇದಕ್ಕೇ. ಗಂಡ ಹೆಂಡತಿ ಇಬ್ಬರೇ, ಯಾವ ದಿನಾಂಕವಾದರೂ ಸರಿ ಎನ್ನುವವರು ಕಾಯಬಹುದು. ಅಂತಿಮ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ 75ರಿಂದ 90 ದಿನ ಮೊದಲು ಬರುತ್ತದೆ. ಆಗ ಕೆಲವರು ರದ್ದು ಮಾಡುತ್ತಾರೆ, ಆ ಜಾಗಗಳು ಮಾರುಕಟ್ಟೆಗೆ ವಾಪಸಾಗುತ್ತವೆ.

ಈ ಮುಂಗಡವೂ ಸಣ್ಣ ವಿಷಯವಲ್ಲ. ಪ್ರಯಾಣಕ್ಕೆ ಮೊದಲೇ ಜನ ಕಟ್ಟಿದ ಹಣ 2024ರ ಕೊನೆಗೆ ಕಾರ್ನಿವಲ್ ಒಂದರ ಹತ್ತಿರವೇ ಆರೂವರೆ ಬಿಲಿಯನ್ ಡಾಲರಿಗೂ ಮೇಲಿತ್ತು. ಬಡ್ಡಿಯಿಲ್ಲದ ಸಾಲ ಅದು, ಕೊಟ್ಟವರು ಗ್ರಾಹಕರು.

ಇನ್ನು ಹತ್ತಿದ ಮೇಲಿನ 34 ರೂಪಾಯಿ. ಕ್ಯಾಸಿನೊ ಬಿಟ್ಟರೆ ಹಡಗಿನಲ್ಲಿ ಸಾಮಾನ್ಯವಾಗಿ ನೋಟು ನಡೆಯುವುದಿಲ್ಲ. ಹತ್ತುವಾಗಲೇ ನಿಮ್ಮ ಕ್ರೆಡಿಟ್ ಕಾರ್ಡನ್ನು ಕ್ಯಾಬಿನ್ನಿನ ಕಾರ್ಡಿಗೆ ಜೋಡಿಸುತ್ತಾರೆ. ಬಾಗಿಲು ತೆಗೆಯುವುದಕ್ಕೂ ಅದೇ, ಬಿಲ್ಲಿಗೂ ಅದೇ. ಕೈಯಿಂದ ದುಡ್ಡು ಜಾರುವುದು ಕಣ್ಣಿಗೆ ಕಾಣದಿದ್ದಾಗ ಖರ್ಚು ಹೆಚ್ಚುತ್ತದೆ. ದೊಡ್ಡ ಗಳಿಕೆ ಮದ್ಯದ್ದು ಮತ್ತು ಕ್ಯಾಸಿನೊದ್ದು. ಮದ್ಯದ ಪ್ಯಾಕೇಜನ್ನು ದಿನಕ್ಕೆ ಇಷ್ಟು ಡಾಲರ್ ಎಂದು ಇಡೀ ಪ್ರವಾಸಕ್ಕೆ ಮಾರುತ್ತಾರೆ, ಅದರ ಮೇಲೆ ಸಾಮಾನ್ಯವಾಗಿ ಶೇಕಡಾ 18ರಿಂದ 20ರಷ್ಟು ಸೇವಾ ಶುಲ್ಕ. ಒಂದು ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಕ ತೆಗೆದುಕೊಂಡರೆ ಇನ್ನೊಬ್ಬ ವಯಸ್ಕರೂ ತೆಗೆದುಕೊಳ್ಳಲೇಬೇಕು ಎನ್ನುವುದು ಹಲವು ಕಂಪನಿಗಳ ನಿಯಮ. ಮೊದಲ ದಿನದ ಉತ್ಸಾಹ ನಾಲ್ಕನೆಯ ದಿನಕ್ಕೆ ಇರುವುದಿಲ್ಲ. ಕೊಟ್ಟ ದುಡ್ಡಿನಷ್ಟು ಕುಡಿಯದವರೇ ಈ ಪ್ಯಾಕೇಜಿನ ಲಾಭ.

ಕ್ಯಾಸಿನೊ ಮತ್ತು ಸುಂಕವಿಲ್ಲದ ಅಂಗಡಿಗಳು ಹಡಗು ಬಂದರು ಬಿಟ್ಟು ದೂರ ಸಾಗಿದ ಮೇಲೆಯೇ ತೆರೆಯುತ್ತವೆ. ಹಾಗಾಗಿ ಯಾವ ಬಂದರಿಗೂ ಹೋಗದೆ ನಡುಸಮುದ್ರದಲ್ಲೇ ಕಳೆಯುವ ದಿನ ಹಡಗಿಗೆ ಒಳ್ಳೆಯ ವ್ಯಾಪಾರದ ದಿನ. ಸ್ಪಾ ಹಾಗೂ ಅಂಗಡಿಗಳನ್ನು ಹೊರಗಿನ ಕಂಪನಿಗಳೇ ನಡೆಸಿ ಹಡಗಿಗೆ ಪಾಲು ಕೊಡುವುದು ಸಾಮಾನ್ಯ ಪದ್ಧತಿ; 34ಕ್ಕೆ ನೇರ ಖರ್ಚು ಬರೀ 11 ಆಗಲು ಇದೂ ಒಂದು ಕಾರಣ. ವೈಫೈ ಬೇರೆ, ಫೋಟೋ ಬೇರೆ, ದುಬಾರಿ ಊಟದ ಮನೆಗಳು ಬೇರೆ. ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಟಿಪ್ಸ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ, ಮಕ್ಕಳಿಗೂ ಸೇರಿ. ಫೋನನ್ನು ಹತ್ತುವ ಮೊದಲೇ ಏರೋಪ್ಲೇನ್ ಮೋಡಿಗೆ ಹಾಕಿಡುವುದು ಕ್ಷೇಮ, ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡು ಮನೆಗೆ ಬಂದ ಮೇಲೆ ಬಿಲ್ ತೋರಿಸುತ್ತದೆ.

ಕಾಫಿ ಸೀಮೆಯವರು ಗಮನಿಸಬೇಕಾದದ್ದೊಂದಿದೆ. ಬಫೆಯಲ್ಲಿ ಯಂತ್ರದಿಂದ ಸುರಿಯುವ ಕಾಫಿ ಪುಕ್ಕಟೆ. ಹತ್ತು ಹೆಜ್ಜೆ ಆಚೆ ಎಸ್‌ಪ್ರೆಸೊ ಕೌಂಟರಿನಲ್ಲಿ ಒಂದು ಕಪ್ಪಿಗೆ ನಾಲ್ಕರಿಂದ ಆರು ಡಾಲರ್. ದೊಡ್ಡ ಕಪ್ಪೊಂದಕ್ಕೆ 18-20 ಗ್ರಾಂ ಪುಡಿ ಹಿಡಿದರೆ ಒಂದು ಕಿಲೋ ಹುರಿದ ಬೀಜದಿಂದ ಐವತ್ತು ಕಪ್ಪು, ಅಂದರೆ 250 ಡಾಲರಿನ ಮಾರಾಟ. ಆ ಪುಕ್ಕಟೆ ಕಾಫಿ ತೀರಾ ಚೆನ್ನಾಗಿರದಿರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಒಳ್ಳೆಯ ಕಾಫಿಗೆ ನಾಲಿಗೆ ಹಂಬಲಿಸಿದರೆ ಮಾತ್ರ ಆ ಹತ್ತು ಹೆಜ್ಜೆ ನಡೆಯುತ್ತೇವೆ. ಇಡೀ ಹಡಗನ್ನು ಈ ಕ್ರಮದಲ್ಲೇ ಕಟ್ಟಿರುತ್ತಾರೆ: ಪುಕ್ಕಟೆಯದು ಸಾಕಷ್ಟು ಇರಬೇಕು, ಸ್ವಲ್ಪ ಉತ್ತಮವಾದದ್ದು ಕಣ್ಣೆದುರೇ ಇರಬೇಕು, ಅದಕ್ಕೆ ಬೆಲೆ ಇರಬೇಕು.

ಮಾರ್ಗವನ್ನೂ ಲೆಕ್ಕ ಹಾಕಿಯೇ ಹಾಕುತ್ತಾರೆ. ಹಡಗನ್ನು ತಳ್ಳಲು ಬೇಕಾದ ಶಕ್ತಿ ವೇಗದ ಜೊತೆ ಸಮಸಮವಾಗಿ ಏರುವುದಿಲ್ಲ, ಹೆಚ್ಚುಕಡಿಮೆ ಅದರ ಘನದಂತೆ ಏರುತ್ತದೆ. 20 ನಾಟ್ ವೇಗವನ್ನು 16ಕ್ಕೆ ಇಳಿಸಿದರೆ ತಳ್ಳುವ ಶಕ್ತಿ ಅರ್ಧದಷ್ಟಕ್ಕೆ ಬರುತ್ತದೆ. ಸಂಜೆ ಐದಕ್ಕೇ ಹೊರಟು ಬೆಳಿಗ್ಗೆ ಏಳಕ್ಕೆ ಮುಂದಿನ ಬಂದರು ಮುಟ್ಟುವ ವೇಳಾಪಟ್ಟಿಯ ಹಿಂದೆ ಇರುವುದು ಈ ಲೆಕ್ಕ. ಜನ ಮಲಗಿರುವಾಗ ನಿಧಾನಕ್ಕೆ ಸಾಗಿದರೆ ಎಣ್ಣೆ ಉಳಿಯುತ್ತದೆ, ರಾತ್ರಿಯ ಊಟ, ಬಾರು, ಕ್ಯಾಸಿನೊ ಹಡಗಿನಲ್ಲೇ ನಡೆಯುತ್ತವೆ. 2020ರ ಜನವರಿ 1ರಿಂದ ಇಂಧನದಲ್ಲಿ ಗಂಧಕದ ಮಿತಿ 3.5ರಿಂದ 0.5 ಶೇಕಡಾಕ್ಕೆ ಇಳಿದ ಮೇಲೆ ಅಗ್ಗದ ಗಟ್ಟಿ ಎಣ್ಣೆ ಉರಿಸಬೇಕೆಂದರೆ ಹೊಗೆ ತೊಳೆಯುವ ಸ್ಕ್ರಬ್ಬರ್ ಕೂರಿಸಲೇಬೇಕಾಯಿತು.

ಬಂದರಿನಲ್ಲಿ ಇಳಿದ ಪ್ರಯಾಣಿಕನ ದುಡ್ಡು ಊರಿಗೆ ಹೋಗುತ್ತದೆ. ಅದನ್ನೂ ಉಳಿಸಿಕೊಳ್ಳಲು ಕಂಪನಿಗಳು ಬಹಾಮಾಸ್‌ನಲ್ಲಿ ದ್ವೀಪಗಳನ್ನೇ ಹಿಡಿದುಕೊಂಡವು. ನಾರ್ವೇಜಿಯನ್ ಎಂಬ ಹೆಸರಿನ ಕ್ರೂಸ್ ಕಂಪನಿ 1977ರಲ್ಲೇ ಈ ದಾರಿ ತೋರಿತು. ರಾಯಲ್ ಕೆರಿಬಿಯನ್ ತನ್ನ ಕೊಕೊಕೇ ದ್ವೀಪದ ಮೇಲೆ 250 ಮಿಲಿಯನ್ ಡಾಲರ್ ಸುರಿದು 2019ರಲ್ಲಿ ಹೊಸದಾಗಿ ತೆರೆಯಿತು. ಅಲ್ಲಿ ಇಳಿದವರು ನೀರಾಟಕ್ಕೆ, ನೆರಳಿನ ಗುಡಾರಕ್ಕೆ ಕೊಡುವ ದುಡ್ಡು ಅದೇ ಕ್ಯಾಬಿನ್ ಕಾರ್ಡಿನಿಂದ ಅದೇ ಕಂಪನಿಗೆ ಸೇರುತ್ತದೆ.

ತೆರಿಗೆಯ ವಿಷಯ ಚುಟುಕಾಗಿ ಹೇಳುತ್ತೇನೆ. 2024ರಲ್ಲಿ ಕಾರ್ನಿವಲ್ ಪನಾಮದಲ್ಲಿ, ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಬರ್ಮುಡಾದಲ್ಲಿ ನೋಂದಾಯಿತ ಕಂಪನಿಗಳಾಗಿದ್ದವು. ಮೂರೂ ಕೆಲಸ ಮಾಡುವುದು ಮಯಾಮಿಯಿಂದ. ಅಂತರರಾಷ್ಟ್ರೀಯ ಹಡಗು ಸಾಗಾಟದ ಆದಾಯಕ್ಕೆ ಅಮೆರಿಕದ ಕಾನೂನಿನಲ್ಲೇ ಇರುವ ವಿನಾಯಿತಿಯಿಂದ ಆದಾಯ ತೆರಿಗೆ ಬಹಳ ಕಡಿಮೆ. ಹಡಗುಗಳ ಮೇಲೆ ಹಾರುವ ಬಾವುಟ ಹೆಚ್ಚಾಗಿ ಬಹಾಮಾಸ್, ಪನಾಮ, ಮಾಲ್ಟಾದ್ದು.

ಬಾವುಟದ ಜೊತೆಗೆ ದುಡಿಮೆಯ ಕಾನೂನೂ ಆ ದೇಶದ್ದೇ ಆಗುತ್ತದೆ. ನೂರರಲ್ಲಿ ಸಂಬಳಕ್ಕೆ ಹತ್ತೇ ರೂಪಾಯಿ ಸಾಕಾಗುವುದು ಇದರಿಂದ. ಐಕಾನ್ ಹಡಗಿನಲ್ಲಿ 2,350 ಸಿಬ್ಬಂದಿ ಇದ್ದಾರೆ. ಈ ಉದ್ಯಮದಲ್ಲಿ ಹೋಟೆಲ್ ವಿಭಾಗದ ದೊಡ್ಡ ಪಾಲು ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಭಾರತದವರು. ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು, ಅಷ್ಟು ಕಾಲವೂ ವಾರದ ರಜೆಯಿಲ್ಲದ ದುಡಿಮೆ. ನಾವಿಕ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಇದನ್ನು ತಿರುಗಿಸಿ ಓದಿದರೆ ವಾರಕ್ಕೆ 91 ಗಂಟೆಯ ತನಕ ದುಡಿಸಲು ಅವಕಾಶವಿದೆ ಎಂದಾಗುತ್ತದೆ. ಹಾಸನದ, ಚಿಕ್ಕಮಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಮಕ್ಕಳು ಈ ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಈ ಸಂಖ್ಯೆಯನ್ನು ಮನೆಯವರ ಜೊತೆ ಕೂತು ಯೋಚಿಸಬೇಕು. ಊಟ, ವಸತಿ ಪುಕ್ಕಟೆಯಾದ್ದರಿಂದ ದುಡಿದದ್ದು ಬಹುಪಾಲು ಉಳಿಯುತ್ತದೆ ಎನ್ನುವುದೂ ನಿಜ. ಆದರೆ ಎರಡು ಕರಾರಿನ ನಡುವೆ ಊರಲ್ಲಿರುವ ಒಂದೆರಡು ತಿಂಗಳಿಗೆ ಹೋಟೆಲ್ ವಿಭಾಗದವರಿಗೆ ಸಾಮಾನ್ಯವಾಗಿ ಸಂಬಳ ಬರುವುದಿಲ್ಲ. ವರ್ಷದ ಲೆಕ್ಕ ಹಾಕುವಾಗ ಹನ್ನೆರಡರಿಂದ ಗುಣಿಸಬಾರದು.

ಮೋಸ ಆಗುವುದು ಹೆಚ್ಚಾಗಿ ನೇಮಕಾತಿಯ ಹಂತದಲ್ಲಿ. ಭಾರತದಲ್ಲಿ ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ನಾವಿಕರನ್ನು ನೇಮಿಸಲು ನೌಕಾಯಾನ ಮಹಾನಿರ್ದೇಶನಾಲಯ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಆ ಸಂಖ್ಯೆಯನ್ನು ನಿರ್ದೇಶನಾಲಯದ ಜಾಲತಾಣದಲ್ಲೇ ಹಾಕಿ ನೋಡಬಹುದು, ಅವರು ಕಳಿಸಿದ ಪಿಡಿಎಫ್ ನಂಬಬೇಕಾಗಿಲ್ಲ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವುದನ್ನು ಆ ಒಪ್ಪಂದವೇ ನಿಷೇಧಿಸಿದೆ. ಪಾಸ್‌ಪೋರ್ಟ್, ಸಿಡಿಸಿ ಪುಸ್ತಕ (ನಾವಿಕನ ಸೇವಾ ದಾಖಲೆ), ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚು ನಮ್ಮದು. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಭದ್ರತೆ ಇಂಥ, ನಾವಿಕರಿಗೆ ಬೇಕಾದ ಅಂತರರಾಷ್ಟ್ರೀಯ ಮಟ್ಟದ ಎಸ್‌ಟಿಸಿಡಬ್ಲ್ಯು ತರಬೇತಿಗಳಿಗೆ ಮಾನ್ಯತೆ ಪಡೆದ ಸಂಸ್ಥೆಗಳಿವೆ. ‘ಲಕ್ಷ ಕಟ್ಟಿ, ಜಾಯಿನಿಂಗ್ ಲೆಟರ್ ಕೊಡುತ್ತೇವೆ’ ಎಂದವರ ಹತ್ತಿರ ಎರಡನೇ ಸಲ ಮಾತಾಡುವ ಅಗತ್ಯವಿಲ್ಲ.

ಇಷ್ಟೆಲ್ಲ ಬಿಗಿ ಲೆಕ್ಕದ ವ್ಯಾಪಾರ ನಿಂತಾಗ ಏನಾಗುತ್ತದೆ ಎನ್ನುವುದನ್ನು ಕೋವಿಡ್ ಬಂದ 2020 ತೋರಿಸಿತು. ಹೊಸ ಹಡಗಿನ ಬೆಲೆಯ ಶೇಕಡಾ 80ರ ತನಕ ಸಾಲ, ಅದಕ್ಕೆ ಹಡಗು ಕಟ್ಟುವ ದೇಶದ ರಫ್ತು ಸಾಲ ಸಂಸ್ಥೆಯ ಖಾತರಿ, ತೀರಿಸಲು ಹೆಚ್ಚುಕಡಿಮೆ ಹನ್ನೆರಡು ವರ್ಷ. ಇದು ಈ ಉದ್ಯಮದ ವಾಡಿಕೆ. ಇಂಥ ದೊಡ್ಡ ಹಡಗು ಕಟ್ಟುವ ಕಾರ್ಖಾನೆಗಳು ಜರ್ಮನಿ, ಫಿನ್‌ಲ್ಯಾಂಡ್, ಇಟಲಿ, ಫ್ರಾನ್ಸಿನಲ್ಲಿ ಬೆರಳೆಣಿಕೆಯಷ್ಟಿವೆ. ವರಮಾನ ನಿಂತರೂ ಕಂತು ನಿಲ್ಲಲಿಲ್ಲ. ಕಾರ್ನಿವಲ್ 2020ರ ಏಪ್ರಿಲ್‌ನಲ್ಲಿ 11.5 ಶೇಕಡಾ ಬಡ್ಡಿಗೆ ನಾಲ್ಕು ಬಿಲಿಯನ್ ಡಾಲರ್ ಎತ್ತಿತು, ಆ ವರ್ಷ ಹತ್ತು ಬಿಲಿಯನ್ನಿಗೂ ಹೆಚ್ಚು ಕಳೆದುಕೊಂಡಿತು. ನೂರರಲ್ಲಿ ಏಳು ರೂಪಾಯಿ ಬಡ್ಡಿ ಎಂದೆನಲ್ಲ, ಅದರಲ್ಲಿ ದೊಡ್ಡ ಪಾಲು ಆ ದಿನಗಳ ಸಾಲದ್ದು.

ನಮ್ಮಲ್ಲಿ ಪೆಟ್ಟು ಇನ್ನೂ ನೇರವಾಗಿತ್ತು. 2019ರಲ್ಲಿ ಮುಂಬಯಿಯಿಂದ ಓಡಾಟ ಶುರುಮಾಡಿದ ಜಲೇಶ್ ಕಂಪನಿ 2020ರಲ್ಲೇ ಬಾಗಿಲು ಹಾಕಿತು. ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಈಗ ಓಡುತ್ತಿರುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ರಾಯಲ್ ಕೆರಿಬಿಯನ್‌ಗಾಗಿ ಕಟ್ಟಿದ ಹಡಗು. ಹಳೆಯ ಹಡಗಿನ ಲೆಕ್ಕ ಬೇರೆ: ಸವಕಳಿ, ಕಂತು ಕಡಿಮೆ, ಎಣ್ಣೆ ಮತ್ತು ದುರಸ್ತಿ ಜಾಸ್ತಿ. ಯಾವ ಹಡಗೇ ಆಗಲಿ, ಏಜೆಂಟರು ಹೇಳುವ ದರದಲ್ಲಿ ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ, ವಿದೇಶಿ ಪ್ಯಾಕೇಜಾದರೆ ಟಿಸಿಎಸ್ (ಮಾರುವವರೇ ಮೊದಲೇ ಹಿಡಿಯುವ ಆದಾಯ ತೆರಿಗೆ) ಸೇರಿದೆಯೇ ಎಂದು ಬರಹದಲ್ಲೇ ಕೇಳಿ. ಹಲವು ಕಂಪನಿಗಳು ಏಜೆಂಟರಿಗೆ ಕಮಿಷನ್ ಕೊಡುವುದು ಟಿಕೆಟ್ಟಿನ ಒಂದು ಭಾಗದ ಮೇಲೆ ಮಾತ್ರ, ಬಂದರು ಶುಲ್ಕ ಮತ್ತು ತೆರಿಗೆಯ ಮೇಲೆ ಇಲ್ಲ. ಆದ್ದರಿಂದ ‘ಇನ್ನೂ ಕಮ್ಮಿ ಮಾಡಿ’ ಎಂದು ಅವರನ್ನು ಜಗ್ಗುವುದಕ್ಕಿಂತ ಕ್ಯಾಬಿನ್ ಜಾಗ ಬದಲಾಯಿಸಿ ಕೊಡಿ, ಹಡಗಿನಲ್ಲಿ ಖರ್ಚು ಮಾಡಲು ಒಂದಿಷ್ಟು ಹಣ ಜಮೆ ಮಾಡಿಕೊಡಿ ಎಂದು ಕೇಳುವುದು ಫಲ ಕೊಡುತ್ತದೆ.

ಹೋಮ್‌ಸ್ಟೇ ನಡೆಸುವ ನಮ್ಮವರು ಈ ವ್ಯಾಪಾರದಿಂದ ಏನು ತೆಗೆದುಕೊಳ್ಳಬಹುದು, ಏನು ತೆಗೆದುಕೊಳ್ಳಬಾರದು ಎನ್ನುವುದು ನನ್ನ ಮಟ್ಟಿಗೆ ಮುಖ್ಯ. ಶನಿವಾರ ಭಾನುವಾರ ತುಂಬಿ, ಸೋಮವಾರದಿಂದ ಗುರುವಾರದ ತನಕ ಖಾಲಿ ಇರುವ ಮನೆಗಳಿಗೆ ಬುಕಿಂಗ್ ಆ್ಯಪ್‌ಗಳು ಕೊಡುವ ಸಲಹೆ ಒಂದೇ: ದರ ಇಳಿಸಿ. ಹಡಗು ದರ ಇಳಿಸಬಲ್ಲದು, ಅದಕ್ಕೆ ಎರಡನೇ ಜೇಬಿದೆ. ಬಾರಿಲ್ಲದ, ಕ್ಯಾಸಿನೊ ಇಲ್ಲದ ಮನೆಗೆ ಆ ಜೇಬಿಲ್ಲ. ತಲೆಗೆ 2,500 ಇದ್ದದ್ದನ್ನು 1,500ಕ್ಕೆ ಇಳಿಸಿ, ಆ್ಯಪ್‌ಗೆ ನೂರಕ್ಕೆ ಇಪ್ಪತ್ತು ಕೊಟ್ಟು, ದಿನಸಿ, ಗ್ಯಾಸು, ಹೊದಿಕೆ ಒಗೆಯುವುದು, ಕೆಲಸದವರ ಕೂಲಿ ಎಂದು 900 ಕಳೆದರೆ ಉಳಿಯುವುದು 300. ವಾರಾಂತ್ಯದವರೂ ಆ ಇಳಿದ ದರವನ್ನು ನೋಡಿರುತ್ತಾರೆ, ಅದನ್ನೇ ಕೇಳುತ್ತಾರೆ. ದರ ಇಳಿಸುವ ಮೊದಲು ಎರಡನೇ ಜೇಬು ಹೊಲಿಸಿಕೊಳ್ಳಬೇಕು. ತೋಟದಲ್ಲೇ ಹುರಿದು ಪುಡಿ ಮಾಡಿ, ಆಹಾರ ಪರವಾನಗಿ ಪಡೆದು ಚೀಟಿ ಅಂಟಿಸಿದ ಕಾಲು ಕಿಲೋ ಕಾಫಿ ಪುಡಿ, ಕಾಳುಮೆಣಸು, ತೋಟದ ಸುತ್ತಾಟಕ್ಕೆ ಬೇರೆ ದರ, ಕಾಫಿ ಹಣ್ಣಿನಿಂದ ಕಪ್ಪಿನ ತನಕ ಎರಡು ಗಂಟೆಯ ಪಾಠ. ಒಂದು ಮಾತ್ರ ಹಡಗಿನಿಂದ ಕಲಿಯಬೇಡಿ: ಪುಕ್ಕಟೆ ಕೊಡುವ ಕಾಫಿಯನ್ನು ಸಪ್ಪೆ ಮಾಡಬೇಡಿ. ಇಲ್ಲಿ ಪುಡಿ ಮಾರಾಟವಾಗುವುದೇ ಆ ಮೊದಲ ಲೋಟ ಕುಡಿದ ಮೇಲೆ.

ಕೊನೆಯದಾಗಿ, ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಆ ಪ್ರಯಾಣಿಕರನ್ನು ಘಟ್ಟ ಹತ್ತಿಸಬೇಕೆಂಬ ಆಸೆ ನಮಗೆಲ್ಲ ಇದೆ. ಅಡ್ಡ ಬರುವುದು ಗಡಿಯಾರ. ಈ ಬಂದರು ಮರ್ಮಗೋವಾದಿಂದ 170, ಕೊಚ್ಚಿಯಿಂದ 191 ನಾಟಿಕಲ್ ಮೈಲಿ; ಎರಡೂ ಕಡೆಗೆ ಒಂದೇ ರಾತ್ರಿಯ ನಿಧಾನದ ಓಟ. ಹಾಗಾಗಿ ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ಏಳಕ್ಕೆ ಕಟ್ಟಿದರೂ ತಪಾಸಣೆ ಮುಗಿದು ಬಸ್ಸು ಹೊರಡುವುದು ಎಂಟೂವರೆಗೆ. ಚಾರ್ಮಾಡಿ ಘಾಟಿಯ ಮೇಲೆ ಬೇಲೂರಿಗೆ ನೂರೈವತ್ತು ಕಿಲೋಮೀಟರ್ ಆಸುಪಾಸು, ವಯಸ್ಸಾದವರಿರುವ ಬಸ್ಸಿಗೆ ನಾಲ್ಕು ಗಂಟೆ. ನೋಡಿ, ಉಂಡು ವಾಪಸು ಬರುವಷ್ಟರಲ್ಲಿ ರಾತ್ರಿ ಏಳು. ಹಡಗಿನವರು ಇಂಥ ಪ್ರವಾಸವನ್ನು ಮಾರಲು ಹಿಂಜರಿಯುತ್ತಾರೆ, ಯಾಕೆಂದರೆ ತಾವೇ ಮಾರಿದ ಬಸ್ಸು ತಡವಾದರೆ ಹಡಗು ಕಾಯಬೇಕು, ಕಾದ ಸಮಯವನ್ನು ರಾತ್ರಿ ವೇಗ ಹೆಚ್ಚಿಸಿ ಎಣ್ಣೆಯಲ್ಲಿ ತೀರಿಸಬೇಕು. ಮೂಡುಬಿದಿರೆ, ಕಾರ್ಕಳ ಅವರಿಗೆ ಒಗ್ಗುವುದು ಇದಕ್ಕೇ.

ದಾರಿ ಇರುವುದು ಬಂದರಿನಲ್ಲಿ ರಾತ್ರಿ ತಂಗುವ ಸಣ್ಣ, ದುಬಾರಿ ಹಡಗುಗಳಲ್ಲಿ. ಅವುಗಳ ಟಿಕೆಟ್ಟಿನಲ್ಲಿ ಮದ್ಯ, ಟಿಪ್ಸ್ ಎಲ್ಲ ಮೊದಲೇ ಸೇರಿರುವುದರಿಂದ ಜನರನ್ನು ಸಂಜೆ ಹಡಗಿನಲ್ಲೇ ಕೂರಿಸಿಕೊಳ್ಳುವ ಒತ್ತಡ ಕಡಿಮೆ. ಮಂಗಳೂರು ಇ-ವೀಸಾ ನಡೆಯುವ ಬಂದರು. ಋತು ನಮ್ಮ ಕಾಫಿ ಕೊಯ್ಲಿನ ಚಳಿಗಾಲದ ಜೊತೆ ಸೇರುತ್ತದೆ, ಮಳೆಗಾಲದ ಘಾಟಿ ಕುಸಿತದ ಭಯವೂ ಇಲ್ಲ. ಬೇಕಿರುವುದು ಮೂವತ್ತು ಜನರ ಒಂದು ಬಸ್ಸು, ದಾರಿ ನಡುವೆ ಚೊಕ್ಕ ಶೌಚಾಲಯ, ಇಂಗ್ಲಿಷ್ ಜರ್ಮನ್ ಬಲ್ಲ ಗೈಡು, ಹದಿನೈದು ಒಳ್ಳೆಯ ಕೋಣೆ. ಮಾತಾಡಬೇಕಾದದ್ದು ಹಡಗಿನ ಕಂಪನಿಯ ಜೊತೆಗಿಂತ ಮೊದಲು, ಅದಕ್ಕೆ ದಡದ ಪ್ರವಾಸ ಹೊಂದಿಸಿಕೊಡುವ ಏಜೆನ್ಸಿಗಳ ಜೊತೆ. ಹಡಗಿನವರು ಮಾರ್ಗ ಗೊತ್ತುಮಾಡುವುದು ಒಂದೂವರೆ ಎರಡು ವರ್ಷ ಮೊದಲೇ ಆದ್ದರಿಂದ ಮುಂದಿನ ಚಳಿಗಾಲಕ್ಕೆ ಈಗ ಕೇಳಿದರೆ ಸಿಗುವುದಿಲ್ಲ, ಅದರ ಮುಂದಿನದಕ್ಕೆ ಈಗಲೇ ಕೇಳಬೇಕು.